ಸೇತುವೆಯ ಮೇಲೆ ಎಳೆದ ಗೆರೆ

ಬಸ್ಸಿನ ದರ ಏರಿದ ದಿನ ಜನ ಬೈಯುವುದು ಕಂಡಕ್ಟರನ್ನು. ಬಸ್ಸು ಕಚೇರಿಯ ಎರಡನೆಯ ಮಹಡಿಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕುಳಿತ ಹೆಂಗಸೊಬ್ಬಳು ನಕಾಶೆಯ ಮೇಲೆ ಪೆನ್ಸಿಲಿನಿಂದ ಎಳೆದ ಗೆರೆಯೇ ತಮ್ಮ ಜೇಬಿಗೆ ಕೈ ಹಾಕುತ್ತಿದೆಯೆಂದು ಅವರಿಗೆ ತಿಳಿದಿರುವುದಿಲ್ಲ. ತಿಳಿಯದಿರಲಿ ಎಂಬುದೇ ಆ ಹೆಂಗಸಿನ ಆಸೆಯೂ ಆಗಿತ್ತು.

ಕಚೇರಿಯಲ್ಲಿ ಅವಳನ್ನು ಗೆರೆಯಕ್ಕ ಎನ್ನುತ್ತಿದ್ದರು. ವಯಸ್ಸು ಐವತ್ತರ ಅಂಚು. ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ಒಂದು ದರ, ಎಲ್ಲಿಂದ ಮುಂದೆ ಇನ್ನೊಂದು ಎಂದು ಗುರುತಿಸುವುದು ಅವಳ ಕೆಲಸ. ಅವಳಿಗೆ ಈ ವಿದ್ಯೆ ಹೇಳಿಕೊಟ್ಟ ಹಿರಿಯರು ನಿವೃತ್ತರಾಗುವ ದಿನ ಒಂದೇ ಮಾತು ಬಿಟ್ಟುಹೋಗಿದ್ದರು: "ಬಸ್ಸು ಹಗುರ ಆಗೋ ಕಡೆ ಗೆರೆ ಎಳಿಯಮ್ಮ. ಮೈತುಂಬಿಕೊಂಡಿರೋ ಕಡೆ ಎಳೆದರೆ ಶಾಪ ತಟ್ಟುತ್ತೆ." ಹೆಚ್ಚು ಜನ ದಾಟುವ ಕಡೆ ಗೆರೆ ಬಿದ್ದರೆ ಹೆಚ್ಚು ಜನರಿಗೆ ಎರಡು ಪಟ್ಟು ದರ ಬೀಳುತ್ತದೆ. ಬಸ್ಸು ಖಾಲಿಯಾದ ಮೇಲೆ ಬಿದ್ದ ಗೆರೆ ಯಾರ ಕಾಲಿಗೂ ತೊಡರುವುದಿಲ್ಲ. ವಿದ್ಯೆ ಇಷ್ಟೇ.

ಆದರೆ ಅವಳು ಕುಳಿತಿದ್ದ ಕುರ್ಚಿಗೆ ಒಂದು ಪೂರ್ವಚರಿತ್ರೆ ಇತ್ತು. ಹಿಂದೊಮ್ಮೆ ಅಲ್ಲಿ ಕುಳಿತಿದ್ದ ಗುಮಾಸ್ತನೊಬ್ಬ ದರದ ಗಡಿಯನ್ನು, ಕಂಡಕ್ಟರುಗಳ ಮಾತಿನಲ್ಲಿ ಸ್ಟೇಜನ್ನು, ತನ್ನ ಹೆಂಡತಿಯ ತವರುಮನೆಯ ಬಾಗಿಲಿಗೆ ಸರಿಸಿ ಸಿಕ್ಕಿಬಿದ್ದಿದ್ದ. ಅವನನ್ನು ಟೈರುಗಳ ಉಗ್ರಾಣಕ್ಕೆ ಕಳಿಸಿದರು. ಗೆರೆಯನ್ನು ಮೊದಲಿದ್ದಲ್ಲಿಗೆ ತಂದರು. ಆದರೂ ಆ ನಿಲ್ದಾಣ ಬಂದಾಗ ಹಳೆಯ ಕಂಡಕ್ಟರುಗಳು ಇಂದಿಗೂ "ಮಾವನ ಸ್ಟೇಜ್, ಮಾವನ ಸ್ಟೇಜ್" ಎಂದೇ ಕೂಗುತ್ತಾರೆ. ಗೆರೆಯಕ್ಕ ಈ ಕೂಗನ್ನು ಕೇಳಿದಾಗಲೆಲ್ಲ ಯಾರೋ ತನ್ನ ಬೆನ್ನು ಮುಟ್ಟಿದಂತೆ ತಿರುಗಿ ನೋಡುತ್ತಿದ್ದಳು.

ಆ ವರ್ಷ ಹಳೆಯ ಚಿಲ್ಲರೆ ಹಂತಗಳನ್ನೆಲ್ಲ ರದ್ದುಮಾಡಿ, ಊರನ್ನು ಒಳವಲಯ, ಹೊರವಲಯ ಎಂದು ಎರಡೇ ಭಾಗ ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ವಲಯದೊಳಗೆ ಎಲ್ಲಿಂದ ಎಲ್ಲಿಗೆ ಹೋದರೂ ಒಂದೇ ದರ. ಗೆರೆ ದಾಟಿದರೆ ಎರಡರಷ್ಟು. ಗೆರೆ ಬಿದ್ದ ನಿಲ್ದಾಣ ಮಾತ್ರ ಎರಡೂ ವಲಯಗಳಿಗೆ ಸೇರಿದ್ದು. ಉಳಿದ ದಿಕ್ಕುಗಳ ಗೆರೆಗಳು ತಂಟೆಯಿಲ್ಲದೆ ಮುಗಿದವು. ಮೂಡಣ ರಸ್ತೆಯೊಂದು ಉಳಿಯಿತು. ಆ ರಸ್ತೆಯಲ್ಲಿ ಮಾರುಕಟ್ಟೆಯಾದ ಮೇಲೆ ಆಸ್ಪತ್ರೆ, ಆಮೇಲೆ ನದಿಯ ಸೇತುವೆ, ಸೇತುವೆಯಾಚೆ ಇಟ್ಟಿಗೆಗೂಡು, ನಂತರ ನೀರಿನ ಟ್ಯಾಂಕು, ಕೊನೆಗೆ ಕಲ್ಲುಗಣಿ. ಇಟ್ಟಿಗೆಗೂಡಿನಲ್ಲಿ ಈಗ ಗೂಡೂ ಇಲ್ಲ, ಇಟ್ಟಿಗೆಯೂ ಇಲ್ಲ. ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಸಣ್ಣ ಮನೆಗಳ ಸಾಲುಗಳಿವೆ. ಅವುಗಳಲ್ಲೊಂದು ಗೆರೆಯಕ್ಕನ ತಂಗಿಯದು.

ತಂಗಿಗೆ ಆಸ್ಪತ್ರೆಯ ಎದುರು ಹೊಲಿಗೆ ಅಂಗಡಿ. ನರ್ಸುಗಳ ಕೋಟು, ವಾರ್ಡಿನ ಪರದೆ, ಯಾರದೋ ಸಡಿಲವಾದ ಪ್ಯಾಂಟು ಎಲ್ಲವೂ ಅವಳ ಕೈ ದಾಟಿಯೇ ಹೋಗಬೇಕು. ಗೆರೆಯಕ್ಕ ಒಂದು ಸಂಜೆ ತನ್ನ ಹೊಸ ಕೋಟಿನ ಬಟ್ಟೆ ಹಿಡಿದು ಅಲ್ಲಿಗೆ ಹೋದಳು. ತಂಗಿ ಕೊರಳಿಗೆ ಟೇಪು ಸುತ್ತಿಕೊಂಡು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಿಗಿಳಿದಳು.

"ಅಕ್ಕ, ಬಸ್ಸಿಗೆ ಹೊಸ ರೇಟಂತೆ. ಗೆರೆ ಎಲ್ಲಿ ಬರುತ್ತೆ?"

"ನನಗೇನು ಗೊತ್ತು?"

"ಎಳೆಯೋಳೇ ನೀನು. ನಿನಗೆ ಗೊತ್ತಿಲ್ಲದೆ ಇನ್ಯಾರಿಗೆ, ನಮ್ಮನೆ ಬೆಕ್ಕಿಗೆ ಗೊತ್ತಿರುತ್ತಾ?"

"ಕಚೇರಿ ಮಾತು ಬೇಡ ಅಂತ ಎಷ್ಟು ಸಲ ಹೇಳಿದ್ದೀನಿ ನಿನಗೆ."

"ನಾನೇನು ಬಸ್ಸನ್ನ ನಮ್ಮ ಬಾಗಿಲಿಗೆ ತಂದು ಕಟ್ಟು ಅಂದ್ನಾ? ನಾನು, ನಮ್ಮೋರು, ಮಗಳು, ಮೂರು ಜನ ದಿನಾ ಸೇತುವೆ ದಾಟ್ತೀವಿ. ಡಬಲ್ ಆದ್ರೆ ಈ ಅಂಗಡಿ ಬಾಗಿಲು ಹಾಕ್ಕೊಂಡು ಮನೇಲೇ ಹರಕು ಹೊಲೀಬೇಕು." ಅವಳು ಸೂಜಿಗಳನ್ನು ಬಾಯಿಂದ ತೆಗೆದು ನಕ್ಕಳು. "ಗೆರೆ ಎಳೆಯೋವಾಗ ನಿನ್ನ ಕೈ ಒಂಚೂರು ನಮ್ಮ ಕಡೆ ನಡುಗಲಿ. ಅಷ್ಟೇ ಕೇಳೋದು. ಈಗ ತೋಳು ಎತ್ತು."

ಅದು ತಮಾಷೆಯೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಗೆರೆಯಕ್ಕ ತೋಳೆತ್ತುವ ಮೊದಲು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡಿದಳು.

ಮರುದಿನ ಕಚೇರಿಯಲ್ಲಿ ಅವಳ ಪೆನ್ಸಿಲು ಅಭ್ಯಾಸಬಲದಿಂದ ನೇರವಾಗಿ ನೀರಿನ ಟ್ಯಾಂಕಿಗೇ ಹೋಯಿತು. ಬಸ್ಸು ಹಗುರವಾಗುವುದು ಅಲ್ಲಿಯೇ. ಗೆರೆ ಎಳೆದು ತಲೆಯೆತ್ತಿದವಳಿಗೆ ಇಟ್ಟಿಗೆಗೂಡು ಒಳವಲಯದೊಳಗೆ ಬೆಚ್ಚಗೆ ಕುಳಿತಿರುವುದು ಕಂಡಿತು. ಅದರೊಳಗೆ ತಂಗಿಯ ಮನೆ. ಕಿವಿಯಲ್ಲಿ 'ಮಾವನ ಸ್ಟೇಜ್' ಕೂಗಿತು. ರಬ್ಬರು ತೆಗೆದುಕೊಂಡು ಅಳಿಸಿದಳು. ಎದ್ದು ನೀರು ಕುಡಿದು ಬಂದಳು. ನಿಲ್ದಾಣಗಳಲ್ಲಿ ಹತ್ತಿದವರ, ಇಳಿದವರ ಎಣಿಕೆಯನ್ನು ಮುಂದಿಟ್ಟುಕೊಂಡಳು. ಸೇತುವೆಯ ನಿಲ್ದಾಣದಲ್ಲಿ ಗಾಳ ಹಾಕಲು ಬರುವ ಇಬ್ಬರು ಮೂವರನ್ನು ಬಿಟ್ಟರೆ ಹತ್ತುವವರಿಲ್ಲ, ಇಳಿಯುವವರಿಲ್ಲ. ಕಾಗದದ ಮೇಲೆ ಅದಕ್ಕಿಂತ ಹಗುರವಾದ ಜಾಗ ಇರಲಿಲ್ಲ.

ಹತ್ತುವವರಿಲ್ಲದ ನಿಲ್ದಾಣ ಬೇರೆ, ಹಗುರವಾದ ಬಸ್ಸು ಬೇರೆ. ನಿಲ್ದಾಣದಲ್ಲಿ ನಿಂತು ಎಣಿಸುವವನಿಗೆ ಬಸ್ಸಿನೊಳಗೆ ಜೋತುಬಿದ್ದವರು ಕಾಣುವುದಿಲ್ಲ. ಈ ಭೇದವನ್ನು ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಟ್ಟವಳು ಅವಳೇ. ಆ ದಿನ ಮಾತ್ರ ತನಗೆ ತಾನು ಹೇಳಿಕೊಳ್ಳಲಿಲ್ಲ. ಸೇತುವೆಯ ಮೇಲೆ ಗೆರೆ ಎಳೆದಳು. ಕೈ ನಡುಗಿದ್ದು ನಿಜ. ನಡುಗಿದ್ದು ತಂಗಿಯ ಕಡೆಗಲ್ಲ, ಅವಳಿಂದ ಆಚೆಗೆ.

ವಿಭಾಗದ ಸಾಹೇಬರಿಗೆ ಬಹಳ ಹಿಡಿಸಿತು. "ನದಿನೇ ಗಡಿ! ಸಣ್ಣ ಮಕ್ಕಳಿಗೂ ಅರ್ಥ ಆಗುತ್ತೆ. ನಾಳೆ ಮಧ್ಯಾಹ್ನ ಸಹಿ ಮಾಡಿ ಪ್ರೆಸ್ಸಿಗೆ ಕೊಟ್ಟುಬಿಡ್ತೀನಿ."

ಪಕ್ಕದ ಮೇಜಿನವನು ಮಾಜಿ ಕಂಡಕ್ಟರ್. ಮಂಡಿನೋವಿನಿಂದಾಗಿ ಕುರ್ಚಿ ಸಿಕ್ಕಿತ್ತು. ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ. "ಒಡಹುಟ್ಟಿದೋಳನ್ನೂ ಬಿಡಲಿಲ್ಲವಲ್ಲ ಗೆರೆಯಕ್ಕ! ಸತ್ಯಾನೇ ಬಂದು ಫುಟ್‌ಬೋರ್ಡ್ ಮೇಲೆ ನಿಂತ್ರೂ ಟಿಕೆಟ್ ಕೇಳೋರು ನೀವು" ಎಂದು ಕೈಮುಗಿದ.

ಆ ಹೊಗಳಿಕೆ ಕತ್ತಿನ ಪಟ್ಟಿಯೊಳಗೆ ಸಿಕ್ಕಿಕೊಂಡ ಕೂದಲಿನಂತೆ ಸಂಜೆಯವರೆಗೂ ಚುಚ್ಚಿತು. ಮನೆಯಲ್ಲಿ ಒಂದು ಕಡೆ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಮುಚ್ಚಿದ ಕಿಟಕಿಯನ್ನು ತೆರೆದು, ಮತ್ತೆ ಮುಚ್ಚಿದಳು. ಪತ್ರಿಕೆ ಓದುತ್ತಿದ್ದ ಗಂಡ ಕನ್ನಡಕದ ಮೇಲಿಂದ ನೋಡಿದ.

"ಏನೇ, ತಲೆಗೆ ಹುಳ ಬಿಟ್ಕೊಂಡಿದ್ದೀಯಾ? ಒಂದು ಕಡೆ ಕೂತ್ಕೋ. ನೀನು ಓಡಾಡೋದು ನೋಡಿದ್ರೆ ನನಗೂ ಟಿಕೆಟ್ ತಗೋಬೇಕು ಅನ್ಸುತ್ತೆ."

"ಮೂಡಣ ರಸ್ತೆ ಗೆರೆ."

"ಎಳೆದಾಯ್ತಲ್ಲ?"

"ಆಯ್ತು."

"ಮತ್ತೆ?"

ತಪ್ಪು ಗೆರೆ ಹಾಗೇ ಉಳಿದರೆ ಇಡೀ ಇಟ್ಟಿಗೆಗೂಡು ದಿನವೂ ಎರಡು ಪಟ್ಟು ತೆರಬೇಕು. ತಿದ್ದಿದರೆ, ತಂಗಿಗಾಗಿ ತಿದ್ದಿದಳೆನ್ನುವ ಹೆಸರು ಸಾಯುವವರೆಗೆ ಬಿಡುವುದಿಲ್ಲ. ಮೊದಲೇ ಸರಿಯಾಗಿ ಎಳೆದಿದ್ದರೆ ಬರುತ್ತಿದ್ದ ಮಾತಿಗಿಂತ, ಎಳೆದು ಅಳಿಸಿದರೆ ಬರುವ ಮಾತು ದೊಡ್ಡದು.

ಬೆಳಿಗ್ಗೆ ಅವಳು ಕಚೇರಿಯ ದಾರಿ ಬಿಟ್ಟು ನೀರಿನ ಟ್ಯಾಂಕಿನವರೆಗೆ ಆಟೋದಲ್ಲಿ ಹೋದಳು. ಅಲ್ಲಿಂದ ಊರ ಕಡೆಯ ಬಸ್ಸು ಹತ್ತಿದಳು. ಹೀಗೆ ನೋಡಲು ಹೋದಾಗ ಕಚೇರಿಯ ಪಾಸು ತೋರಿಸುವ ಪದ್ಧತಿ ಅವಳದಲ್ಲ. ಗುರುತು ಸಿಗಬಾರದೆಂದು ಎಲ್ಲರಂತೆ ಟಿಕೆಟ್ ಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಬೇಕಾದ ಸೀಟು ಆರಿಸಿಕೊಳ್ಳುವಷ್ಟು ಜಾಗವಿತ್ತು. ಇಟ್ಟಿಗೆಗೂಡು ಬಂತು. ಬಾಗಿಲು ತೆರೆದದ್ದೇ ತಡ, ಜನ ಕಟ್ಟೆಯೊಡೆದ ನೀರಿನಂತೆ ನುಗ್ಗಿದರು. ಆಸ್ಪತ್ರೆಯ ಬಟ್ಟೆ ಒಗೆಯುವವರು, ಕಸ ಗುಡಿಸುವವರು, ಶಾಲೆಯ ಮಕ್ಕಳು. ಮುದುಕಿಯೊಬ್ಬಳಿಗೆ ಸೀಟು ಬಿಟ್ಟುಕೊಟ್ಟು ಎದ್ದ ಗೆರೆಯಕ್ಕನಿಗೆ ಕಾಲೂರಲೂ ಸ್ಥಳವಿಲ್ಲದಾಯಿತು.

"ಅಮ್ಮಾ, ಸ್ವಲ್ಪ ಉಸಿರು ಒಳಗೆ ಎಳ್ಕೊಳಿ" ಎಂದಳು ಗಂಟು ಹೊತ್ತ ಹೆಂಗಸೊಬ್ಬಳು. "ನೀವು ಉಸಿರು ಬಿಟ್ರೆ ನಾನು ಕಿಟಕಿಯಿಂದ ನದಿಗೆ ಬೀಳ್ತೀನಿ."

ಬಸ್ಸು ಸೇತುವೆಯ ನಿಲ್ದಾಣದಲ್ಲಿ ನಿಂತಿತು. ಯಾರೂ ಹತ್ತಲಿಲ್ಲ. ಯಾರೂ ಇಳಿಯಲಿಲ್ಲ. ಎಣಿಸುವವನು ಅಲ್ಲಿ ನಿಂತಿದ್ದರೆ ಸೊನ್ನೆ ಬರೆದುಕೊಳ್ಳುತ್ತಿದ್ದ. ಇತ್ತ ಬಸ್ಸು ಬಸುರಿಯಂತೆ ಏದುಸಿರು ಬಿಡುತ್ತ ಮುಂದೆ ಸರಿಯಿತು. ಆಸ್ಪತ್ರೆಯ ಬಳಿ ಮುಕ್ಕಾಲು ಜನ ಇಳಿದರು. ಅವರ ನಡುವೆ, ಚೀಲವನ್ನು ಎದೆಗವಚಿಕೊಂಡು ಇಳಿಯುತ್ತಿದ್ದ ತಂಗಿಯ ಬೆನ್ನು ಕಂಡಿತು. ಗೆರೆಯಕ್ಕ ಮುಖ ತಿರುಗಿಸಿಕೊಂಡಳು.

ಅವಳು ಕಚೇರಿಯ ಒಳಗೆ ಬಂದಾಗ ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

"ಸರ್, ಸಹಿ ಮಾಡಬೇಡಿ. ಸೇತುವೆ ಗೆರೆ ತಪ್ಪು."

"ನಿನ್ನೆ ಸರಿ ಇತ್ತಲ್ಲಮ್ಮ?"

"ನಿನ್ನೆನೂ ತಪ್ಪೇ ಸರ್. ಆ ಸ್ಟಾಪಲ್ಲಿ ಜನ ಇಲ್ಲ, ನಿಜ. ಆದ್ರೆ ಬಸ್ ಅಲ್ಲೇ ತುಂಬಾ ತುಂಬಿರುತ್ತೆ. ಗೆರೆ ಟ್ಯಾಂಕಿಗೆ ಹೋಗ್ಬೇಕು."

ಸಾಹೇಬರ ಬೆರಳು ನಕಾಶೆಯ ಮೇಲೆ ನಿಧಾನವಾಗಿ ಸೇತುವೆ ದಾಟಿತು. "ಟ್ಯಾಂಕಿಗೆ ಅಂದ್ರೆ ಇಟ್ಟಿಗೆಗೂಡು ಒಳಗೆ ಬರುತ್ತೆ. ನಿಮ್ಮ ತಂಗಿ ಮನೆ ಅಲ್ಲೇ ಅಲ್ವೇನಮ್ಮ?"

"ಹೌದು ಸರ್. ಅದಕ್ಕೇ ಸೇತುವೆಗೆ ಎಳೆದಿದ್ದೆ."

ಸಾಹೇಬರು ಪೆನ್ನನ್ನು ಕೆಳಗಿಟ್ಟರು. ಪಕ್ಕದ ಕೋಣೆಯ ಟೈಪಿಂಗ್ ಸದ್ದು ಕೂಡ ಆಗಲೇ ನಿಂತಿತು, ನಿಂತದ್ದು ಕಾಕತಾಳೀಯವಲ್ಲ.

"ನನ್ನ ಮಾತು ನಂಬಬೇಡಿ ಸರ್" ಎಂದಳು ಅವಳು. "ಬೇರೆಯವರನ್ನ ಕಳಿಸಿ. ಸ್ಟಾಪಲ್ಲಿ ನಿಲ್ಲೋದು ಬೇಡ, ಬಸ್ಸೊಳಗೆ ಕೂತು ನೋಡಲಿ. ಆಮೇಲೆ ಅವರೇ ಗೆರೆ ಎಳೀಲಿ. ನನ್ನ ಸಹಿ ಬೇಡ."

ಮಾಜಿ ಕಂಡಕ್ಟರನನ್ನು ಕಳಿಸಿದರು. ಅವನು ಮಂಡಿಯನ್ನು ಶಪಿಸುತ್ತ ಹೊರಟು ಮರುದಿನ ಬೆಳಗಿನ ಬಸ್ಸುಗಳನ್ನೆಲ್ಲ ಹತ್ತಿ ಇಳಿದು ಬಂದ. ಅಂಗಿಯ ನಡುವೆ ಒಂದು ಗುಂಡಿ ಇರಲಿಲ್ಲ. "ಗುಂಡಿ ಸೇತುವೆ ಮೇಲೆ ಕಿತ್ಕೊಂಡು ಬಿತ್ತು ಸರ್. ಬಗ್ಗಿ ಹುಡುಕೋಣ ಅಂದ್ರೆ ಬಗ್ಗೋಕೂ ಜಾಗ ಇಲ್ಲ. ಟ್ಯಾಂಕ್ ಹತ್ರ ನೋಡಿದ್ರೆ ಮಲಗಿ ನಿದ್ದೆ ಮಾಡ್ಬಹುದು." ವರದಿಯೂ ಅದನ್ನೇ ಹೇಳಿತು.

ಗೆರೆ ಟ್ಯಾಂಕಿಗೆ ಹೋಯಿತು, ಅವನ ಸಹಿಯೊಂದಿಗೆ. ಗೆರೆಯಕ್ಕ ವೇಳಾಪಟ್ಟಿ ವಿಭಾಗಕ್ಕೆ ಹೋದಳು. ಸಾಹೇಬರು ಗದರಲಿಲ್ಲ. "ಸ್ವಲ್ಪ ದಿನ ಅಲ್ಲಿರಿ. ಒಂದು ಕಡೆಗೆ ವಾಲೋ ತಕ್ಕಡಿ ಹೇಗೋ, ವಾಲಬಾರದು ಅಂತ ಇನ್ನೊಂದು ಕಡೆ ಕಲ್ಲು ಇಟ್ಕೊಳ್ಳೋ ತಕ್ಕಡಿನೂ ಹಾಗೇ" ಎಂದರು. ವಾರ ಕಳೆಯುವಷ್ಟರಲ್ಲಿ ಕ್ಯಾಂಟೀನಿನಲ್ಲಿ ನೀರಿನ ಟ್ಯಾಂಕಿಗೆ ಹೊಸ ಹೆಸರು ಹುಟ್ಟಿತ್ತು: ತಂಗಿ ಸ್ಟೇಜ್.

ಕೋಟು ಹೊಲಿದಾಗಿದೆಯೆಂದು ಹೇಳಿಕಳಿಸಿದ್ದರಿಂದ ಅವಳು ಅಂಗಡಿಗೆ ಹೋದಳು. ತಂಗಿ ಕೋಟನ್ನು ಮಡಿಸಿ ಕಾಗದದಲ್ಲಿ ಸುತ್ತಿ ಕೈಗಿತ್ತಳು.

"ಕೂಲಿ ಬೇಡ ಬಿಡು."

"ಯಾಕೆ?"

"ಯಾಕೆ ಅಂತ ನನ್ನ ಬಾಯಲ್ಲಿ ಹೇಳಿಸ್ತೀಯಾ?" ತಂಗಿ ದನಿ ತಗ್ಗಿಸಿದಳು. "ಯಾರ ಹತ್ರಾನೂ ಬಾಯಿ ಬಿಡಲ್ಲ. ನಮ್ಮೋರಿಗೂ ಹೇಳಿಲ್ಲ."

"ನಿನಗೋಸ್ಕರ ಮಾಡಿದ್ದಲ್ಲ ಕಣೆ."

"ಗೊತ್ತು, ಗೊತ್ತು" ಎಂದು ತಂಗಿ ಕಣ್ಣು ಮಿಟುಕಿಸಿದಳು.

ಅದೊಂದನ್ನು ಗೆರೆಯಕ್ಕನಿಗೆ ಸಹಿಸಲಾಗಲಿಲ್ಲ. "ಅಲ್ಲ ಅಂದ್ರೆ ಅಲ್ಲ. ಮೊದಲು ಸೇತುವೆ ಮೇಲೇ ಎಳೆದಿದ್ದೆ. ನಿನಗೆ ಡಬಲ್ ಬೀಳುತ್ತೆ ಅಂತ ಗೊತ್ತಿದ್ದೇ ಎಳೆದಿದ್ದೆ."

ತಂಗಿಯ ಮುಖದಲ್ಲಿನ ನಗು ತಕ್ಷಣ ಹೋಗಲಿಲ್ಲ. ಹೋಗಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿತ್ತು. "ಅದು ಸರಿಯಾದ ಜಾಗ ಅಲ್ಲ ಅಂತಾನೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ?"

"ಜನ ಏನಂತಾರೋ ಅಂತ."

"ಓಹೋ. ಜನ." ತಂಗಿ ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಬಿಗಿಯಾಗಿ ಸುತ್ತತೊಡಗಿದಳು. "ನಾವು ದಿನಾ ನೇತಾಡ್ಕೊಂಡು ಬರೋರು ಜನ ಅಲ್ಲ. ನಿನ್ನ ಆಫೀಸಲ್ಲಿ ಟೀ ಕುಡಿಯೋರು ಜನ." ಸುತ್ತಿದ ಟೇಪನ್ನು ಮೇಜಿನ ಮೇಲಿಟ್ಟಳು. "ಹಾಗಾದ್ರೆ ಕೂಲಿ ಕೊಡು ಅಕ್ಕ. ತೋಳಿಗೆ ಒಳಪಟ್ಟಿ ಬೇರೆ ಹಾಕಿದ್ದೀನಿ."

ಗೆರೆಯಕ್ಕ ಕೊಟ್ಟಳು. ತಂಗಿ ಚಿಲ್ಲರೆಯನ್ನು ಸರಿಯಾಗಿ ಹಿಂದಿರುಗಿಸಿದಳು.

ಆಮೇಲೆ ಬಹಳ ದಿನ ಮಾತಿರಲಿಲ್ಲ. ಹೊಸ ದರ ಜಾರಿಗೆ ಬಂದು ಬೈಗುಳ ತಣ್ಣಗಾದ ಮೇಲೆ, ರಜೆಯ ದಿನವೊಂದರಲ್ಲಿ ಗೆರೆಯಕ್ಕ ಆ ಕೋಟನ್ನು ತೊಟ್ಟು, ಇಟ್ಟಿಗೆಗೂಡಿಗೆ ಟಿಕೆಟ್ ಕೊಂಡು, ತಂಗಿಯ ಮನೆಗೆ ಹೊರಟಳು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸುತ್ತಿದ್ದಳು. ಜೋಡಿಸಿದಷ್ಟೂ ಅದು ಬಿಚ್ಚಿಕೊಳ್ಳುತ್ತಿತ್ತು. ಇಟ್ಟಿಗೆಗೂಡು ಬಂತು, ಜನ ಇಳಿದರು. ಅವಳು ಏಳಲಿಲ್ಲ. ಬಸ್ಸು ಖಾಲಿಯಾಯಿತು.

"ತಂಗಿ ಸ್ಟೇಜ್! ಯಾರ್ರೀ ತಂಗಿ ಸ್ಟೇಜ್?" ಎಂದು ನೀರಿನ ಟ್ಯಾಂಕಿನ ಬಳಿ ಕೂಗಿದ ಹೊಸ ಕಂಡಕ್ಟರ್. ಅವಳ ಗುರುತು ಅವನಿಗಿರಲಿಲ್ಲ. ಆ ಹೆಸರಿಗೆ ಎದ್ದು ನಿಲ್ಲಲು ಅವಳಿಗೆ ಮನಸ್ಸು ಬರಲಿಲ್ಲ. ಬಸ್ಸು ಗೆರೆ ದಾಟಿತು.

"ಏನಮ್ಮ, ಟಿಕೆಟ್ ಇಟ್ಟಿಗೆಗೂಡಿಗೆ, ಸವಾರಿ ಕಲ್ಲುಗಣಿಗೆ? ಮಿಕ್ಕಿದ್ದು ಕೊಡ್ಬೇಕಾಗುತ್ತೆ."

"ಕೊಡ್ತೀನಿ. ವಾಪಸ್ ಇಟ್ಟಿಗೆಗೂಡಿಗೂ ಈಗಲೇ ಹರಿದುಬಿಡಿ."

"ಅದೂ ಡಬಲ್ಲೇ. ಗೆರೆ ದಾಟ್ತೀರಲ್ಲ." ಅವನಿಗೆ ಕನಿಕರ ಬಂತು. "ನಾನೇನು ಮಾಡ್ಲಿ ಅಮ್ಮ. ಆಫೀಸಲ್ಲಿ ಫ್ಯಾನ್ ಕೆಳಗೆ ಕೂತು ಎಳೆದುಬಿಡ್ತಾರೆ. ಅವರಿಗೇನು ಗೊತ್ತು ಬಸ್ಸಿನ ಕಷ್ಟ."

"ಈ ಗೆರೆ ಸರಿಯಾಗೇ ಇದೆ" ಎಂದಳು ಗೆರೆಯಕ್ಕ.

ಅವನು ಖಾಲಿ ಸೀಟುಗಳನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಟಿಕೆಟ್ ಹರಿದ. ಕಲ್ಲುಗಣಿಯಲ್ಲಿ ಬಸ್ಸು ತಿರುಗಿತು. ಟ್ಯಾಂಕಿನವರೆಗೂ ಬೇರೆ ಯಾರೂ ಹತ್ತಲಿಲ್ಲ. ಇಟ್ಟಿಗೆಗೂಡಿನ ತಿರುವು ಕಾಣುವ ಮೊದಲೇ ಅವಳು ಎದ್ದು ಬಾಗಿಲ ಬಳಿಗೆ ಹೋಗಿ ಕಂಬಿ ಹಿಡಿದು ನಿಂತಳು.

"ಇನ್ನೂ ಬಂದಿಲ್ಲಮ್ಮ, ಕೂತ್ಕೊಳಿ" ಎಂದ ಕಂಡಕ್ಟರ್.

ಅವಳು ಕೂರಲಿಲ್ಲ.