ಸೋಮವಾರ ಹೂಡದ ಎತ್ತು

ಇವತ್ತು ದನದ ಮೇವಿನ ಅಂಗಡಿ ದಾಟುವಾಗ ಶೇಂಗಾ ಹಿಂಡಿಯ ವಾಸನೆ ಬಂತು. ಕಾಲು ಅಲ್ಲೇ ನಿಂತವು. ನಾನು ಚಿಕ್ಕವಳಿದ್ದಾಗ ನಮ್ಮೂರು ತಂಬೂರಿನ ಮನೆಯಲ್ಲಿ ಸೋಮವಾರ ಇದೇ ವಾಸನೆ. ಆ ದಿನ ಎತ್ತಿಗೆ ರಜೆ; ಹೆಗಲಿಗೆ ನೊಗ ಇಡುವ ಪದ್ಧತಿ ಇರಲಿಲ್ಲ. ಅಪ್ಪ ಅವುಗಳ ಮೈ ತೊಳೆದು ಹಿಂಡಿ ಇಡುತ್ತಿದ್ದ. ಅವ್ವ ಮಾತ್ರ ಅಂದೂ ನೆಲ ಸಾರಿಸಿ, ರೊಟ್ಟಿ ಬಡಿದು, ಹಳ್ಳಕ್ಕೆ ಬಟ್ಟೆ ಒಯ್ಯುತ್ತಿದ್ದಳು.

“ಯವ್ವಾ, ನಿನಗ ಸೂಟಿ ಯಾವಾಗ ಬೇ?” ಎಂದು ಒಮ್ಮೆ ಕೇಳಿದ್ದೆ.

“ನನಗೇನ ಕೋಡ ಅದಾವೇನ? ಹೋಗ, ನೀರ ತಾ,” ಎಂದು ನಕ್ಕಿದ್ದಳು.

ಒಂದು ಸಲ ಎಂಟು ದಿನದಿಂದ ಅವಳಿಗೆ ಜ್ವರವಿತ್ತು. ಸೋಮವಾರ ಒಲೆಯ ಮುಂದೆಯೇ ಕುಸಿದಳು. ಕಲಘಟಗಿಯ ದವಾಖಾನೆಗೆ ಹೋಗುವ ಬಸ್ಸು ಆಗಲೇ ಹೋಗಿತ್ತು. ಅಪ್ಪ ಗಾಬರಿಯಾಗಿ ಚಕ್ಕಡಿ ಗಾಡಿಯ ನೊಗ ಎತ್ತಿದ.

“ಎತ್ತ ದುಡದು ಸೋತಾವ್ರಿ, ಸೋಮವಾರ ಹೂಡಬ್ಯಾಡ್ರಿ. ನಾಳೆ ಹೋಗೂಣು,” ಎಂದಳು ಅವ್ವ.

ಅಪ್ಪ ನೊಗ ಕೆಳಗಿಟ್ಟ.

ಮರುದಿನ ಚಕ್ಕಡಿ ಹೂಡಿದರು. ಅವ್ವ ದಾರಿಯಲ್ಲೇ ತೀರಿಕೊಂಡಳು. ನಾಲ್ಕನೇ ಇಯತ್ತೆಗೆ ನನ್ನ ಸಾಲಿ ಮುಗಿಯಿತು; ಒಲೆ ನನ್ನ ಪಾಲಿಗೆ ಬಂತು. ಅಂದಿನಿಂದ ಯಾರಾದರೂ ‘ನಾಳೆ’ ಎಂದರೆ ನಾನು ಒಪ್ಪುವುದಿಲ್ಲ.

ಇವತ್ತು ಮನೆಗೆ ಬಂದರೆ ಮಗಳು ಸುಡುವ ಮೈಯಲ್ಲೇ ಆಫೀಸಿನ ಚೀಲ ತುಂಬುತ್ತಿದ್ದಳು.

“ಭಾಳ ಕೆಲಸ ಐತಿ ಬೇ, ನಾಳೆ ತೋರಿಸ್ತೀನಿ.”

ಚೀಲ ಕಸಿದುಕೊಂಡೆ. “ನಮ್ಮವ್ವನೂ ಹಿಂಗ ಅಂದಿದ್ಲು,” ಎಂದೆ. ಅವಳು ಚಪ್ಪಲಿ ಮೆಟ್ಟಿದಳು.

ದವಾಖಾನೆಯ ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮಗಳು ನನ್ನ ಹೆಗಲಿಗೆ ಒರಗಿ ಮಲಗಿದ್ದಾಳೆ. ಅವ್ವನಿಗೆ ಆ ದಿನ ನಾನು ‘ಇವತ್ತೇ ಹೋಗೂಣು’ ಎಂದು ಒಂದು ಮಾತೂ ಅನ್ನಲಿಲ್ಲ.