ಎಳ್ಳ ಅಮಾವಾಸ್ಯೆಯ ದಿನ ಕಾಟಾ ನಿಲ್ಲಿಸಿದ್ದು

೨೦೧೬ರ ಕಬ್ಬಿನ ಹಂಗಾಮಿನಲ್ಲಿ ನಾನು ಅಥಣಿ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಎಲ್ಲರೂ ನನ್ನನ್ನು ‘ಕಂಪ್ಯೂಟರ್ ಬಾಯಾರು’, ಅಂದರೆ ಕಂಪ್ಯೂಟರ್ ಮೇಡಂ, ಎನ್ನುತ್ತಿದ್ದರು. ಟೈಪ್ ಮಾಡುವ ಹೆಂಗಸು ಎಂದೇ ಬಹಳ ಜನರ ತಿಳಿವಳಿಕೆ. ತಿದ್ದಿ ತಿದ್ದಿ ಸಾಕಾಗಿ ಕೊನೆಗೆ ಬಿಟ್ಟುಬಿಟ್ಟಿದ್ದೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಐಗಳಿ, ಕಾಗವಾಡ, ರಾಯಬಾಗದ ಕಡೆಯಿಂದ ಬರುವ ಪ್ರತಿ ಕಬ್ಬಿನ ಗಾಡಿ ಯಾರ್ಡಿನಲ್ಲಿ ಸಾಲು ಹಚ್ಚಿ ಕಾಟಾ ಹತ್ತಬೇಕು. ಕಾಟಾ ಎಂದರೆ ಗಾಡಿಯನ್ನೇ ತೂಗುವ ವೇಬ್ರಿಜ್. ತುಂಬಿದ ಗಾಡಿಯ ತೂಕ ಒಮ್ಮೆ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ ಇನ್ನೊಮ್ಮೆ. ಎರಡೂ ನೇರವಾಗಿ ಡೇಟಾಬೇಸಿಗೆ ಹೋಗುತ್ತವೆ, ಅಲ್ಲಿಂದಲೇ ರೈತನ ಚೀಟಿ ಬರುತ್ತದೆ. ಡೇಟಾಬೇಸ್ ನಿಂತರೆ ಕಾಟಾ ನಿಂತಿತು, ಸಾಲೂ ನಿಂತಿತು. ಕಡಿದ ಕಬ್ಬು ಬಿಸಿಲಿಗೆ ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ನಮ್ಮ ಯಂತ್ರದ ತಪ್ಪಿಗೆ ರೈತನ ಬೆಳೆ ಹಗುರಾಗುವುದು ನ್ಯಾಯವಲ್ಲ.

ಹಿಂದಿನ ಹಂಗಾಮಿನಲ್ಲಿ ಅದು ಆಗಿಯೇ ಹೋಗಿತ್ತು. ಒಂದು ಬೆಳಿಗ್ಗೆ ಸರ್ವರಿನ ಡಿಸ್ಕ್ ಕೆಟ್ಟು ಡೇಟಾಬೇಸ್ ಮಲಗಿತು. ಕೈಬರಹದ ಚೀಟಿ ಕೊಡಲು ಹೋಗಿ ಯಾರ ಖಾಲಿ ಗಾಡಿ ಎಷ್ಟು ತೂಗಿತು ಎಂದು ಜಗಳ ಹತ್ತಿತು. ಸಾಲು ಕರಗುವಷ್ಟರಲ್ಲಿ ಮರುದಿನ ಮಧ್ಯಾಹ್ನ. ಗಾಡಿಯ ನೆರಳಿನಲ್ಲಿ ಬಾಯಿ ತೆರೆದು ಮಲಗಿದ್ದ ಎತ್ತುಗಳನ್ನು ದಾಟಿಕೊಂಡು ಮನೆಗೆ ಹೋದೆ. ಆ ದಿನ ನನಗೆ ಊಟ ಸೇರಲಿಲ್ಲ.

ಕೆಟ್ಟ ಮೇಲೆ ರಿಪೇರಿ ಮಾಡಿದ್ದು ಸಾಕು, ಇನ್ನು ಕೆಡುವ ಮೊದಲೇ ತಿಳಿಯಬೇಕು ಎಂದು ಹಟ ಹಿಡಿದೆ. ಮಶೀನ್ ಲರ್ನಿಂಗ್ ಎಂಬುದನ್ನು ಮನೆಯಲ್ಲಿ ಕುಳಿತು ಇಂಟರ್ನೆಟ್ಟಿನಲ್ಲಿ ಕಲಿತೆ. ಅದರಲ್ಲಿ ನಾವು ಯಂತ್ರಕ್ಕೆ ನಿಯಮ ಹೇಳಿಕೊಡುವುದಿಲ್ಲ. ಹಳೆಯ ಲಾಗ್‌ಗಳನ್ನು, ಅಂದರೆ ಸರ್ವರ್ ತಾನೇ ಬರೆದಿಟ್ಟುಕೊಂಡ ದಿನಚರಿಯನ್ನು, ಮುಂದಿಡುತ್ತೇವೆ. ಡಿಸ್ಕ್ ಎಷ್ಟು ಬೇಗ ಉತ್ತರಿಸಿತು, ಎಷ್ಟು ಗಾಡಿ ತೂಗಿದವು, ಯಾವಾಗ ಕೆಟ್ಟಿತು ಎಂಬುದನ್ನೆಲ್ಲ ನೋಡಿ ಕೆಡುವ ಲಕ್ಷಣವನ್ನು ಅದೇ ಗುರುತಿಸುತ್ತದೆ. ಹೀಗೆ ಕಲಿತ ಪ್ರೋಗ್ರಾಮಿಗೆ ಮಾಡೆಲ್ ಎನ್ನುತ್ತಾರೆ. ಲಕ್ಷಣ ಕಂಡರೆ ನನ್ನ ಮೊಬೈಲಿಗೂ ಯಾರ್ಡ್ ಸೂಪರ್‌ವೈಸರ್ ಅಪ್ಪಾಸಾಹೇಬರ ಮೊಬೈಲಿಗೂ ಎಸ್ಸೆಮ್ಮೆಸ್ ಹೋಗುವಂತೆ ಮಾಡಿದೆ.

ಹಂಗಾಮಿನ ಮೊದಲ ಅಮಾವಾಸ್ಯೆಗೇ ಮಾನ ಹೋಯಿತು. ಬೆಳಿಗ್ಗೆಯಿಂದ ಎಚ್ಚರಿಕೆಯ ಮೇಲೆ ಎಚ್ಚರಿಕೆ. ಓಡಿ ಬಂದು ನೋಡಿದರೆ ಸರ್ವರ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ. ಅಪ್ಪಾಸಾಹೇಬರು ಎಲೆಯಡಿಕೆ ಜಗಿಯುತ್ತ ಬಾಗಿಲಲ್ಲಿ ನಿಂತಿದ್ದರು.

“ಅಕ್ಕಾರ, ನಿಮ್ಮ ಮಶೀನಿಗೂ ಅಮಾಸಿ ಹಿಡೀತೈತೇನ್ರಿ? ಒಂದ್ ಲಿಂಬಿಹಣ್ಣ ಕಟ್ರಿ.”

ಸಿಟ್ಟು ಬಂತು. ಆದರೆ ಕಾರಣ ಹೊಳೆದದ್ದೂ ಅವರ ಚೇಷ್ಟೆಯಿಂದಲೇ. ನಮ್ಮ ಕಡೆ ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಾಡಿಗಳು ಬರುವುದಿಲ್ಲ, ಟ್ರ್ಯಾಕ್ಟರುಗಳಷ್ಟೇ. ಕಾಟಾದ ಕೆಲಸ ಏಕಾಏಕಿ ಇಳಿಯುತ್ತದೆ. ಹಿಂದಿನ ವರ್ಷ ಡೇಟಾಬೇಸ್ ಕೆಟ್ಟಾಗಲೂ ತೂಗಿದ ಗಾಡಿಗಳ ಸಂಖ್ಯೆ ಹೀಗೇ ಇಳಿದಿತ್ತು. ಎತ್ತಿನ ವಿಶ್ರಾಂತಿಯನ್ನು ನನ್ನ ಮಾಡೆಲ್ ಕಾಯಿಲೆ ಎಂದು ತಿಳಿದುಕೊಂಡಿತ್ತು! ಪುಣೆಯ ಸಲಹೆಗಾರನೊಬ್ಬನಿಗೆ ಫೋನ್ ಮಾಡಿದರೆ, ಅಂಥ ದಿನಗಳನ್ನು ಲೆಕ್ಕದಿಂದ ತೆಗೆದುಬಿಡಿ ಎಂದ. ನಾನು ತೆಗೆಯಲಿಲ್ಲ. ಪಂಚಾಂಗ ನೋಡಿ ಪ್ರತಿ ದಿನದ ಎದುರು ತಿಥಿ ಬರೆದು ಮಾಡೆಲ್‌ಗೆ ಮತ್ತೆ ಪಾಠ ಹೇಳಿದೆ. ಅಮಾವಾಸ್ಯೆಯ ದಿನ ಯಾರ್ಡ್ ಖಾಲಿ ಇರುವುದು ರೂಢಿ ಎಂದು ಅದು ಕಲಿತುಕೊಂಡಿತು. ಬೇರೆ ಊರಿನ ಯಾವ ಜಾಣನೂ ಇದನ್ನು ಮಾಡುತ್ತಿರಲಿಲ್ಲ ಎಂದು ಇಂದಿಗೂ ಜಂಬದಿಂದ ಹೇಳುತ್ತೇನೆ.

ಮುಂದೆ ಬಂದದ್ದು ಎಳ್ಳ ಅಮಾವಾಸ್ಯೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಬುತ್ತಿಯ ತುತ್ತನ್ನು ಚರಗವೆಂದು ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಣ್ಣುವ ದಿನ. ಅರ್ಧ ಕಾರ್ಖಾನೆ ರಜೆಯಲ್ಲಿತ್ತು. ನಾನೂ ಸೀರೆ ಉಟ್ಟು ಹೊರಟು ನಿಂತಿದ್ದೆ. ಆಗ ಮೊಬೈಲ್ ಗುಂಯ್ ಎಂದಿತು.

ಆಫೀಸಿಗೆ ಹೋಗಿ ನೋಡಿದೆ. ಈ ಸಲ ಅದು ಗಾಡಿಗಳು ಕಡಿಮೆಯಾದದ್ದಕ್ಕೆ ಕೂಗುತ್ತಿರಲಿಲ್ಲ. ಕೆಲಸ ಅಷ್ಟು ಕಡಿಮೆ ಇದ್ದರೂ ಡಿಸ್ಕ್ ತಡವಾಗಿ ಉತ್ತರಿಸುತ್ತಿತ್ತು. ಕುಳಿತಲ್ಲೇ ಏದುಸಿರು ಬಿಡುವ ಮನುಷ್ಯನನ್ನು ಕಂಡರೆ ಆಗುವ ಹಾಗೆ ನನಗೆ ಗಾಬರಿಯಾಯಿತು. ಮರುದಿನ ಬೆಳಗಾದರೆ ತಡೆದುನಿಂತ ಗಾಡಿಗಳೆಲ್ಲ ಒಮ್ಮೆಲೇ ಬರುತ್ತವೆ. ಡಿಸ್ಕ್ ಆಗ ಕೈಕೊಟ್ಟರೆ ಹಿಂದಿನ ವರ್ಷದ್ದೇ ಗತಿ.

ಕಾಟಾ ನಿಲ್ಲಿಸಿ ಡೇಟಾಬೇಸನ್ನು ಇನ್ನೊಂದು ಸರ್ವರಿಗೆ ಸಾಗಿಸಬೇಕು. ಆದರೆ ಕಾಟಾ ನಿಂತರೆ ಟ್ರ್ಯಾಕ್ಟರಿನ ಕಬ್ಬೂ ಒಳಗೆ ಹೋಗುವುದಿಲ್ಲ, ಕಬ್ಬಿಲ್ಲದೆ ಮಿಲ್ಲು ನಿಲ್ಲುತ್ತದೆ. ನಡೆಯುವ ಮಿಲ್ಲು ನಿಲ್ಲಿಸುವುದೆಂದರೆ ಸಕ್ಕರೆ ಕಾರ್ಖಾನೆಯಲ್ಲಿ ಮಹಾಪರಾಧ. ಜನರಲ್ ಮ್ಯಾನೇಜರ್ ಸಾಹೇಬರ ಮುಂದೆ ಹೋಗಿ ನಿಂತೆ. ಅಪ್ಪಾಸಾಹೇಬರೂ ಅಲ್ಲೇ ಇದ್ದರು.

“ಸಾಹೇಬ್ರ, ಇದು ಅಮಾಸಿ ಚಾಳಿರಿ. ಹ್ವಾದ ಅಮಾಸಿಗೂ ಹಿಂಗ ಒದರಿತ್ತು,” ಎಂದರು ಅಪ್ಪಾಸಾಹೇಬರು.

ಸಾಹೇಬರು ನನ್ನ ಕಡೆ ತಿರುಗಿದರು. “ನಿಲ್ಲಸಿ ನೋಡಿದ ಮ್ಯಾಲ ಏನೂ ಇರಲಿಲ್ಲಂದ್ರ?”

“ಏನೂ ಇರಲಿಲ್ಲಂದ್ರ ಈ ಮಾಡೆಲ್ ನಾನ ಅಳಿಸಿ ಹಾಕ್ತೀನ್ರಿ. ಇನ್ನೊಮ್ಮೆ ಇದರ ಮಾತ ಎತ್ತೂದಿಲ್ಲ. ಆದ್ರ ನಿಲ್ಲಸೂದಿದ್ರ ಇವತ್ತ ನಿಲ್ಲಸ್ಬೇಕ್ರಿ. ನಾಳೆ ಗಾಡಿ ಬಂದ ಮ್ಯಾಲ ನನಗ ಏನೂ ಮಾಡಾಕ ಆಗೂದಿಲ್ಲ.”

ಸಾಹೇಬರು ಫೋನ್ ಎತ್ತಿ ಮಿಲ್ಲು ನಿಲ್ಲಿಸಲು ಹೇಳಿದರು. ಅವರು ನನ್ನ ಮಾಡೆಲ್ ನಂಬಿದರೋ ನನ್ನ ಮುಖ ನೋಡಿ ಹೆದರಿದರೋ, ನಾನು ಕೇಳಲು ಹೋಗಲಿಲ್ಲ.

ಮಿಲ್ಲಿನ ಸದ್ದು ನಿಂತ ಕೂಡಲೇ ಸಾಗಿಸುವ ಕೆಲಸಕ್ಕೆ ಕುಳಿತೆ. ಸಂಜೆಯ ಹೊತ್ತಿಗೆ ಹೊಸ ಸರ್ವರಿನಿಂದ ಕಾಟಾ ಶುರುವಾಯಿತು. ಹಳೆಯದನ್ನು ನಾನು ಬಂದ್ ಮಾಡಲಿಲ್ಲ. ಪ್ರತಿ ತೂಕದ ನಕಲು ಅದಕ್ಕೂ ಹೋಗುವಂತೆ ಜೋಡಿಸಿ ಪಕ್ಕದಲ್ಲಿ ಓಡಲು ಬಿಟ್ಟೆ. ಅದು ನಿಂತರೂ ಕಾಟಾಕ್ಕೆ ಧಕ್ಕೆಯಿಲ್ಲ. ನಿಲ್ಲದಿದ್ದರೆ ನಾನು ಹೇಳಿದ್ದು ಸುಳ್ಳು.

ಮರುದಿನ ಗಾಡಿಗಳ ಸಾಲು ಗೇಟು ದಾಟಿ ರಸ್ತೆಗೆ ಹೋಗಿತ್ತು. ನಾನು ಎರಡೂ ಸ್ಕ್ರೀನುಗಳ ಎದುರು ಕುಳಿತಿದ್ದೆ. ಬಿಸಿಲೇರಿದರೂ ಹಳೆಯ ಸರ್ವರ್ ಓಡುತ್ತಲೇ ಇತ್ತು. ಅಪ್ಪಾಸಾಹೇಬರು ಬಂದು ಇಣುಕಿ ನಕ್ಕು ಹೋದರು. ಮಾಡೆಲ್ ಅಳಿಸುವ ಮಾತು ನೆನಪಾಗಿ ಮತ್ತೆ ಮತ್ತೆ ಗಡಿಯಾರ ನೋಡಿದೆ. ಅವರು ಎರಡನೆಯ ಸಲ ಬಂದು ಕುರ್ಚಿ ಎಳೆದುಕೊಂಡು ಕೂತಾಗ, ನಾವಿಬ್ಬರೂ ನೋಡುತ್ತಿದ್ದ ಹಾಗೆಯೇ, ಹಳೆಯ ಸರ್ವರಿನ ಸ್ಕ್ರೀನು ಕೆಂಪಾಗಿ, ಅಂಕಿಗಳು ನಿಂತವು. ಡಿಸ್ಕ್ ಸತ್ತಿತ್ತು.

ಅಪ್ಪಾಸಾಹೇಬರು ದಡಬಡಿಸಿ ಎದ್ದು ಕಿಟಕಿಗೆ ಹೋದರು. ಹೊರಗೆ ಕಾಟಾದ ಮೇಲಿಂದ ಒಂದು ಗಾಡಿ ಇಳಿಯುತ್ತಿತ್ತು, ಹಿಂದಿನದು ಹತ್ತುತ್ತಿತ್ತು. ಬಹಳ ಹೊತ್ತು ಅಲ್ಲೇ ನಿಂತು ನೋಡಿದರು.

“ಅಕ್ಕಾರ,” ಎಂದರು ಮೆಲ್ಲಗೆ, “ಹೊರಗ ಯಾರಿಗೂ ಗೊತ್ತ ಆಗ್ಲಿಲ್ಲಲ್ರಿ.”

“ಗೊತ್ತಾಗಬಾರದಂತನ ಮಾಡಿದ್ದಲ್ರಿ ಅಪ್ಪಾಸಾಹೇಬ್ರ,” ಎಂದೆ.

ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೆ. ಬೆಂಕಿ ಆರಿಸಿದವರನ್ನು ಊರು ನೆನೆಯುತ್ತದೆ, ಬೆಂಕಿ ಹತ್ತದ ಹಾಗೆ ನೋಡಿಕೊಂಡವರ ಬಳಿ ತೋರಿಸಲು ಏನೂ ಇರುವುದಿಲ್ಲ. ನಡೆಯದೇ ಹೋದದ್ದಕ್ಕೆ ಸಾಕ್ಷಿ ಕೇಳದೆ ಕೆಲಸ ಮಾಡುವುದನ್ನು ನಾವು ರೂಢಿ ಮಾಡಿಕೊಳ್ಳಬೇಕು. ನನಗೆ ಆ ಒಂದು ದಿನ ಸಾಕ್ಷಿಯೂ ಸಿಕ್ಕಿತು, ಅದು ನನ್ನ ಪುಣ್ಯ.

ಆಮೇಲೆ ನಾನು ಕಾಟಾದ ಹತ್ತಿರ ಹೋಗಿ ಸುಮ್ಮನೆ ನಿಂತೆ. ಖಾಲಿ ಗಾಡಿ ತೂಗಿಸಿದ ರೈತನೊಬ್ಬ ಚೀಟಿ ಪಡೆದು, ಮಡಚಿ ಜೇಬಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಎತ್ತು ಹೊಡೆದುಕೊಂಡು ಮನೆಗೆ ಹೋದ. ನನ್ನ ಸರ್ವೀಸಿನಲ್ಲಿ ನನಗೆ ಅಷ್ಟು ಹೆಮ್ಮೆ ಮತ್ತೆಂದೂ ಆಗಲಿಲ್ಲ.