ಮೇಲೂರಿನ ಚಂದ್ರಿಕೆಗಳು ಮತ್ತು ನನ್ನ ವಿಷಲ್

ಹೊಸದಾಗಿ ಗೈಡ್ ದಳ ನಡೆಸಲು ಮುಂದೆ ಬರುವ ಹೆಂಗಸರು ನನ್ನನ್ನು ಮೊದಲು ಕೇಳುವುದು ಪಟ್ಟಿಯನ್ನು. ಮೊನ್ನೆ ಚಿಂತಾಮಣಿಯಿಂದ ಬಂದಿದ್ದ ಶಿಕ್ಷಕಿಯೂ ಅದನ್ನೇ ಕೇಳಿದರು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವಾಗ ಏನೇನು ಇರಬೇಕು, ಬರೆದು ಕೊಡಿ ಮೇಡಮ್ ಎಂದರು. ಬರೆದು ಕೊಟ್ಟೆ. ತಂದೆತಾಯಿಯರ ಒಪ್ಪಿಗೆ ಪತ್ರ, ಔಷಧಿ ಡಬ್ಬಿ, ಯಾವ ಮಗುವಿಗೆ ಯಾವ ಮಾತ್ರೆ ಆಗುವುದಿಲ್ಲ ಎಂಬ ಚೀಟಿ, ಹಗ್ಗ, ಒಂದು ಜೊತೆ ಹೆಚ್ಚಿನ ಬಟ್ಟೆ. ಬಸ್ಸು ಹತ್ತುವಾಗಲೂ ಇಳಿಯುವಾಗಲೂ ತಲೆ ಎಣಿಸಿ, ಆಮೇಲೆ ಇನ್ನೊಬ್ಬರ ಕೈಲಿ ಎಣಿಸಿ ಎಂದೆ. ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಗೌರಿಬಿದನೂರಿನಲ್ಲಿಲ್ಲ. ಕುಡುಮಲಕುಂಟೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನನಗೆ ಕೆಲಸ. ನನ್ನ ಸಹಿಯಿಲ್ಲದೆ ಅಲ್ಲಿಂದ ಒಂದು ನಟ್ಟೂ ಆಚೆ ಹೋಗುವುದಿಲ್ಲ. ಅದೇ ಬುದ್ಧಿಯನ್ನು ಭಾನುವಾರಗಳಂದು ಇಪ್ಪತ್ತೆರಡು ಹೆಣ್ಣುಮಕ್ಕಳ ಮೇಲೂ ತೋರಿಸುತ್ತಿದ್ದೆ.

ಆದರೆ ಪಟ್ಟಿಯಲ್ಲಿ ಬರೆಯಲಾಗದ ಒಂದು ಸಂಗತಿ ಇದೆ. ಅದನ್ನು ಹೇಳಬೇಕಾದರೆ ಮೇಲೂರಿನ ಆ ಭಾನುವಾರವನ್ನೇ ಹೇಳಬೇಕು, ಜೊತೆಗೆ ನನ್ನ ದಡ್ಡತನವನ್ನೂ ಹೇಳಬೇಕು.

ನಮ್ಮ ದಳದಲ್ಲಿ ಮೂರು ತಂಡಗಳು: ಮಲ್ಲಿಗೆ, ಕಮಲ, ಸಂಪಿಗೆ. ತಂಡಕ್ಕೊಬ್ಬಳು ಮುಂದಾಳು. ತರಬೇತಿಯಲ್ಲಿ ನಮಗೆ ಹೇಳಿಕೊಡುವುದು ಏನೆಂದರೆ, ಮಕ್ಕಳನ್ನು ನಡೆಸಬೇಕಾದವಳು ಆ ಮುಂದಾಳು, ದೊಡ್ಡವರು ಹಿಂದೆ ನಿಲ್ಲಬೇಕು. ನನ್ನಲ್ಲಿ ಮಾತ್ರ ಮುಂದಾಳಿನ ಕೆಲಸ ಎಂದರೆ ಎದೆಗೆ ಬ್ಯಾಡ್ಜು ಚುಚ್ಚಿಕೊಂಡು ನಾನು ಹೇಳಿದ್ದನ್ನು ಇನ್ನೊಂದು ಸಲ ಹೇಳುವುದು. ಕೊರಳಲ್ಲಿ ವಿಷಲ್ ನೇತಾಡುತ್ತಿತ್ತು. ಬಾಯಿ ತೆರೆದರೆ ಊದು, ಊದಿ ಮುಗಿದರೆ ಗದರು. ಮಕ್ಕಳ ಹಿಂದೆ ನಿಲ್ಲುವಷ್ಟು ತಾಳ್ಮೆಯನ್ನು ದೇವರು ನನಗೆ ಕೊಟ್ಟಿರಲಿಲ್ಲ.

ಮಲ್ಲಿಗೆ ತಂಡದ ಮುಂದಾಳು ಹದಿಮೂರು ವರ್ಷದ ಹುಡುಗಿ. ಅವಳ ಅಪ್ಪ ನಮ್ಮೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ, ಮೂಲದಲ್ಲಿ ಶಿಡ್ಲಘಟ್ಟದವರು. ಮನೆಮಾತು ಉರ್ದು. ಅವಳು ದಾದಿ ಎಂದು ಕರೆಯುವ ಶಿಡ್ಲಘಟ್ಟದ ಅಜ್ಜಿಯ ಮನೆಯಲ್ಲಿ ಇಂದಿಗೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಹುಡುಗಿಯದು ಮೆಲುದನಿ. ‘ಗಂಟಲಲ್ಲಿ ಏನು ಸಿಕ್ಕಾಕೊಂಡಿದೆ, ಜೋರಾಗಿ ಹೇಳಮ್ಮ’ ಎಂದು ನಾನು ಅವಳನ್ನು ಎಷ್ಟು ಸಲ ಗದರಿದ್ದೇನೋ ಲೆಕ್ಕವಿಲ್ಲ.

ಆ ಭಾನುವಾರ ಮೇಲೂರಿನ ಹತ್ತಿರದ ಒಂದು ತೋಟದಲ್ಲಿ ಒಂದು ದಿನದ ಶಿಬಿರ. ನನ್ನ ಜೊತೆ ಕೆಲಸ ಮಾಡುವವಳೊಬ್ಬಳ ಅಕ್ಕನ ತೋಟ ಅದು. ಗಂಡ ಹೆಂಡತಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ಮೂಲೆಯಲ್ಲಿ ಮೂರು ಮಾವಿನ ಮರ, ನೀರಿನ ತೊಟ್ಟಿ, ಸಾಕಷ್ಟು ನೆರಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಶಿಡ್ಲಘಟ್ಟ ದಾಟಿದೆವು. ಇಳಿಯುವ ಮೊದಲು ನನ್ನ ಪಟ್ಟಿಯ ಪ್ರಕಾರ ಎಲ್ಲ ಮಕ್ಕಳ ಕೈಕಾಲಿಗೂ ಸೊಳ್ಳೆ ಮುಲಾಮು ಬಳಿಸಿದೆ. ತೋಟ ಎಂದ ಮೇಲೆ ಸೊಳ್ಳೆ ಇರುತ್ತವಲ್ಲ. ಒಬ್ಬಳೂ ತಪ್ಪಿಸಿಕೊಳ್ಳದಂತೆ ನಿಂತು ನೋಡಿದೆ.

ಗೇಟಿನ ಹತ್ತಿರ ಅಕ್ಕ ನಗುತ್ತ ಎದುರು ಬಂದವರು ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು. ಮೂಗು ಅರಳಿತು.

‘ಅಯ್ಯೋ ದೇವುಡಾ! ಏನ್ ಹಚ್ಕೊಂಡು ಬಂದಿದೀರಾ ಮೇಡಮ್ಮೋರೆ? ಹುಳಿನ ಮನೆ ಕಡೆ ಮಾತ್ರ ಬರಬೇಡ್ರಮ್ಮ, ನಿಮಗೆ ಕೈ ಮುಗೀತೀನಿ. ಆ ವಾಸನೆಗೆ ಹುಳ ಉಳಿಯಲ್ಲ.’

ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ನಾಚಿಕೆಯಾಯಿತು. ರೇಷ್ಮೆ ಸೀಮೆಯಲ್ಲೇ ಹುಟ್ಟಿ ಬೆಳೆದು, ಹುಳು ಸಾಕುವ ತೋಟಕ್ಕೆ ಸೊಳ್ಳೆ ಔಷಧಿ ಬಳಿದುಕೊಂಡು ಇಪ್ಪತ್ತೆರಡು ಮಕ್ಕಳ ಮೆರವಣಿಗೆ ತಂದಿದ್ದೆ. ನಾವು ಬೇಲಿಯ ಅಂಚಿನಲ್ಲೇ ಸುತ್ತು ಹೊಡೆದು ಮಾವಿನ ಮರದ ಕೆಳಗೆ ಸೇರಿಕೊಂಡೆವು. ಅಕ್ಕ ದೂರದಿಂದಲೇ ಸೀಗೆಪುಡಿಯ ಡಬ್ಬ ಇಟ್ಟು ಹೋದರು. ತೊಟ್ಟಿಯ ನೀರಿನಲ್ಲಿ ಎಲ್ಲರೂ ಮೈ ಉಜ್ಜಿ ಉಜ್ಜಿ ತೊಳೆದುಕೊಂಡರು. ಹಾಗೆ ತೊಳೆಸಿದ್ದು ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದು ಆಗ ಗೊತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಗಂಟು ಹಾಕುವ ಪಾಠ ನಡೆಯುತ್ತಿದ್ದಾಗ ಅಕ್ಕ ಮತ್ತೆ ಬಂದರು. ಮಕ್ಕಳು ಮಜ್ಜಿಗೆ ಕುಡಿದರಾ ಎಂದು ಕೇಳಿದರು. ಕೇಳಿದ ಮೇಲೂ ಅಲ್ಲೇ ನಿಂತಿದ್ದರು. ಮುಖ ಬೆಳಗಿನ ಮುಖವಾಗಿರಲಿಲ್ಲ. ನನಗೆ ಅದು ಕಾಣಲೇ ಇಲ್ಲ, ನನ್ನ ಕಣ್ಣು ಹಗ್ಗದ ಮೇಲಿತ್ತು. ಮಲ್ಲಿಗೆಯ ಹುಡುಗಿ ಎದ್ದು ಅವರ ಹತ್ತಿರ ಹೋಗಿ ತನ್ನ ಮೆಲುದನಿಯಲ್ಲೇ ಕೇಳಿದಳು: ‘ಏನಾಯ್ತು ಆಂಟಿ?’

ಆಗ ಅಕ್ಕ ಹೇಳಿದರು. ಬೆಳಗಿನ ಜಾವ ಊರಲ್ಲಿ ಒಬ್ಬ ಹಿರಿಯರು ತೀರಿಕೊಂಡಿದ್ದರು. ಹೆಣ ಎತ್ತುವವರೆಗೆ ಅಲ್ಲಿ ಯಾರೂ ಕೂಲಿಗೆ ಹೋಗುವುದಿಲ್ಲ. ತೀರಿಕೊಂಡವರು ಹತ್ತಿರದ ನೆಂಟರಾದ್ದರಿಂದ ಗಂಡ ಹೋಗಲೇಬೇಕಾಗಿತ್ತು. ಸಾವಿನ ಮನೆಗೆ ಹೋದವರು ಆ ದಿನ ಹುಳುವಿನ ಮನೆಗೆ ಕಾಲಿಡುವುದಿಲ್ಲ. ಅದಕ್ಕೇ ಅಕ್ಕ ಒಬ್ಬರೇ ಉಳಿದಿದ್ದರು. ಹುಳು ನಾಳೆ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ ಎಂದುಕೊಂಡಿದ್ದರೆ ಬಿಸಿಲಿನ ಝಳಕ್ಕೆ ಇವತ್ತೇ, ಎಲ್ಲವೂ ಒಟ್ಟಿಗೆ ಹಣ್ಣಾಗತೊಡಗಿದ್ದವು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ಚಾಪೆ, ಅದರ ಮೇಲೆ ಸುತ್ತುಸುತ್ತಾಗಿ ಹೆಣೆದ ಪಟ್ಟಿ, ಅದರ ಸಂದಿನಲ್ಲಿ ಹುಳು ಗೂಡು ಕಟ್ಟುತ್ತದೆ. ಸಂಜೆಯೊಳಗೆ ಬಿಡದಿದ್ದರೆ ಸೊಪ್ಪಿನ ಮೇಲೆಲ್ಲ ಅಲೆದಾಡಿ ನೂಲನ್ನು ಉಗುಳಿ ಮುಗಿಸಿಬಿಡುತ್ತದೆ.

‘ಮಗೂನ್ ಸಾಕ್ದಂಗೆ ಸಾಕಿದೀವಿ ಕಣಮ್ಮ ಇಷ್ಟು ದಿನ. ಕೈಗೆ ಬಂದಿದ್ದು ಇವತ್ತೊಂದಿನದಲ್ಲಿ ಹೋಗ್ಬಿಡುತ್ತೆ’ ಎಂದರು. ಸಹಾಯ ಮಾಡಿ ಎಂದು ಅವರು ಕೇಳಲಿಲ್ಲ.

ಹುಡುಗಿ ನನ್ನ ಕಡೆ ನೋಡಿದಳು. ದಿನಕ್ಕೊಂದು ಉಪಕಾರ ಮಾಡಬೇಕೆಂದು ವಾರವಾರವೂ ಪಾಠ ಹೇಳುವ ನನ್ನ ಬಾಯಿಗೆ ಆ ಗಳಿಗೆಯಲ್ಲಿ ಬಂದದ್ದು ‘ಇನ್ನೂ ನಕ್ಷೆ ಓದೋದು ಬಾಕಿ ಇದೆಯಲ್ಲ’ ಎಂಬ ಮಾತು. ಪುಣ್ಯಕ್ಕೆ ಅದು ಪೂರ್ತಿ ಹೊರಬೀಳುವ ಮೊದಲೇ ಮೂರೂ ತಂಡದವರು ಎದ್ದು ನಿಂತಾಗಿತ್ತು.

ಅಕ್ಕ ಒಬ್ಬೊಬ್ಬರ ಕೈಯನ್ನೂ ಮೂಸಿ ನೋಡಿದರು. ನನ್ನ ಕೈಯನ್ನು ಎರಡು ಸಲ ಮೂಸಿದರು. ಸರದಿಯಲ್ಲಿ ನಿಂತಿದ್ದ ಮಲ್ಲಿಗೆಯ ಹುಡುಗಿ, ‘ಜೀವ ಇರೋ ಹುಳ ನೋಡ್ತಿರೋದು ಇವತ್ತೇ ಮೊದಲು ಮಿಸ್’ ಎಂದಳು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿಚೀಲದ ಮೇಲೆ ಬರಿಗಾಲಿಟ್ಟು ಒಳಗೆ ಹೋದೆವು.

ಒಳಗೆ ಹೋದ ಕೂಡಲೇ ಮಕ್ಕಳು ಮಾತು ನಿಲ್ಲಿಸಿದರು. ಎಷ್ಟು ವರ್ಷ ವಿಷಲ್ ಊದಿದರೂ ಆಗದಿದ್ದದ್ದು ಅದು. ಗೋಡೆಯಿಂದ ಗೋಡೆಗೆ ಮೂರು ಅಂತಸ್ತಿನ ಸ್ಟ್ಯಾಂಡುಗಳು, ಅವುಗಳ ಮೇಲೆ ಹಸಿರು ಸೊಪ್ಪು, ಸೊಪ್ಪಿನ ಮೇಲೆಲ್ಲ ಹುಳು. ಇನ್ನೂ ಹಣ್ಣಾಗದವು ಮೇಯುತ್ತಿದ್ದವು. ಆ ಮೇಯುವ ಸದ್ದು ಕೇಳುತ್ತಿತ್ತು! ಸಾವಿರಾರು ಬಾಯಿಗಳು ಎಲೆ ಕತ್ತರಿಸುವ ಸಣ್ಣ ಸದ್ದು ಸೇರಿ ಇಡೀ ಮನೆಯನ್ನು ತುಂಬಿತ್ತು. ಚಿಕ್ಕಂದಿನಿಂದ ರೇಷ್ಮೆ ಉಟ್ಟವಳು ನಾನು, ಈ ಸದ್ದನ್ನು ಒಂದು ದಿನವೂ ಕೇಳಿರಲಿಲ್ಲ.

ಅಕ್ಕ ಒಂದು ಹುಳುವನ್ನು ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಹಣ್ಣಾದ ಹುಳು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಆಡಿಸುತ್ತದೆ. ಮೈ ನಂದಿ ಕಡೆಯ ದ್ರಾಕ್ಷಿಯ ಹಾಗೆ ಬೆಳಕಿಗೆ ಒಳಗೆಲ್ಲ ಕಾಣುತ್ತದೆ. ‘ಹೊಟ್ಟೆ ತುಂಬಾ ನೂಲೇ ಇರೋದು ಈಗ, ಬೇರೆ ಏನೂ ಇಲ್ಲ. ಮೆತ್ತಗೆ ಎತ್ಕೊಳ್ರಮ್ಮ’ ಎಂದು ಹೇಳಿ ಅವರು ದೂರದ ಸಾಲಿಗೆ ಹೋದರು.

ಮಲ್ಲಿಗೆಯ ಹುಡುಗಿ ಇನ್ನಿಬ್ಬರು ಮುಂದಾಳುಗಳನ್ನು ಹತ್ತಿರ ಕರೆದು ಏನೋ ಪಿಸುಗುಟ್ಟಿದಳು. ತಂಡಕ್ಕೊಂದು ಸಾಲು ಹಂಚಿಕೆಯಾಯಿತು. ಹುಳು ನೋಡಿ ಚೀರಿದ ಇಬ್ಬರನ್ನು ಯಾರೂ ಗೇಲಿ ಮಾಡಲಿಲ್ಲ. ಅವರಿಗೆ ಹೊರಗಿನಿಂದ ಚಂದ್ರಿಕೆ ಹೊತ್ತು ತರುವ ಕೆಲಸ ಸಿಕ್ಕಿತು. ಬೆರಳು ಸಣ್ಣಗಿದ್ದವರು ಆರಿಸುವುದಕ್ಕೆ, ಎತ್ತರ ಇದ್ದವರು ಮೇಲಿನ ಅಂತಸ್ತಿಗೆ. ನಾನು ಕಾಗದದ ಮೇಲೆ ಅರ್ಧ ದಿನ ಗೀಚಿದರೂ ಇಷ್ಟು ಚೆನ್ನಾಗಿ ಹಂಚುತ್ತಿರಲಿಲ್ಲ. ಅವಳ ಮೆಲುದನಿ ಹುಳು ಮೇಯುವ ಸದ್ದಿನ ನಡುವೆಯೂ ಎಲ್ಲರಿಗೂ ಕೇಳುತ್ತಿತ್ತು. ಕೇಳಬೇಕೆಂದು ಅವರೇ ಸುಮ್ಮನಾಗಿದ್ದರು.

ನನಗೆ ಯಾರೂ ಕೆಲಸ ಹೇಳಲಿಲ್ಲ. ಹೇಳದಿದ್ದರೆ ಬಿಡುವ ಜಾತಿಯವಳೇ ನಾನು? ಮಕ್ಕಳು ಆರಿಸಿ ತಂದ ತಟ್ಟೆಗಳನ್ನು ಕಸಿದುಕೊಂಡು ಚಂದ್ರಿಕೆಯ ಮೇಲೆ ಸುರಿಯತೊಡಗಿದೆ. ಸಂಜೆಯೊಳಗೆ ಮುಗಿಯಬೇಕಲ್ಲ, ಬೇಗ ಬೇಗ ಎನ್ನುತ್ತ ಎರಡು ಚಂದ್ರಿಕೆ ತುಂಬಿಸಿ ಮೂರನೆಯದಕ್ಕೆ ಕೈ ಹಾಕಿದ್ದೆ. ನನ್ನ ಚುರುಕಿಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

‘ಮಿಸ್, ಅಷ್ಟು ಒತ್ತಾಗಿ ಹಾಕ್ಬೇಡಿ ಮಿಸ್.’

ಮಲ್ಲಿಗೆಯ ಹುಡುಗಿ ಪಕ್ಕದಲ್ಲಿ ನಿಂತಿದ್ದಳು. ಯಾಕೆ ಎಂದೆ.

‘ಹತ್ತತ್ರ ಇದ್ರೆ ಎರಡು ಹುಳ ಸೇರ್ಕೊಂಡು ಒಂದೇ ಗೂಡು ಕಟ್ಟುತ್ವೆ. ಎರಡು ನೂಲು ಸಿಕ್ಕಾಗಿಬಿಡುತ್ತೆ, ಬಿಚ್ಚಕ್ಕಾಗಲ್ಲ. ನಮ್ ದಾದಿ ಅಂಥಾ ಗೂಡೆಲ್ಲ ಆರಿಸಿ ಆಚೆಗೆ ಹಾಕ್ತಾರೆ.’

‘ನೀನು ಜೀವ ಇರೋ ಹುಳಾನೇ ಇವತ್ತು ಮೊದಲು ನೋಡ್ತಿರೋದು ಅಂದ್ಯಲ್ಲೇ. ನಿಂಗೇನ್ ಗೊತ್ತು? ಹೋಗು, ನಿನ್ ಸಾಲು ನೋಡ್ಕೊ.’

ಮಾತು ಬಿರುಸಾಗಿಯೇ ಬಂತು. ಸುತ್ತಲಿದ್ದ ಮಕ್ಕಳ ಕೈ ನಿಂತಿತು. ಹುಡುಗಿ ಹೋಗಲಿಲ್ಲ. ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು. ಅವಳ ಕಣ್ಣು ಅಕ್ಕನ ಕಡೆಗಿತ್ತು. ಅಕ್ಕ ಯಾವಾಗ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರೋ ತಿಳಿಯದು. ನೆಲ ನೋಡುತ್ತ ಹೇಳಿದರು:

‘ಮಗು ಹೇಳೋದು ಸರಿ ಮೇಡಮ್ಮೋರೆ. ಆಗ್ಲಿಂದ ನೋಡ್ತಾನೇ ಇದೀನಿ, ಹೇಳಣ ಅಂತ. ನೀವು ದೊಡ್ಡೋರು, ಉಪಕಾರ ಮಾಡಕ್ಕೆ ಬಂದಿರೋರು. ಹೆಂಗ್ ಹೇಳೋದು?’

ತನ್ನ ಇಡೀ ಬೆಳೆ ಕಣ್ಣೆದುರೇ ಕೆಡುತ್ತಿದ್ದರೂ ಆ ಹೆಂಗಸು ನನ್ನ ಮುಖ ನೋಡಿ ಸುಮ್ಮನಿದ್ದರು. ನನ್ನ ಗದರಿಕೆಗೆ ದಿನವೂ ಸಿಕ್ಕುವ ಹುಡುಗಿ ಮಾತ್ರ ಸುಮ್ಮನಿರಲಿಲ್ಲ. ಅವಳಿಗೆ ನನ್ನ ಹೆದರಿಕೆ ಇರಲಿಲ್ಲವೆಂದಲ್ಲ. ತಟ್ಟೆಯನ್ನು ಅವಳು ಇನ್ನೂ ಎದೆಯಿಂದ ಇಳಿಸಿರಲಿಲ್ಲ.

‘ಸರಿ. ಏನು ಮಾಡ್ಬೇಕು ಹೇಳಮ್ಮ’ ಎಂದೆ. ಒಬ್ಬ ಮುಂದಾಳನ್ನು ನಾನು ಹಾಗೆ ಕೇಳಿದ್ದು ಅದೇ ಮೊದಲು.

ಅವಳು ಕೊಂಚ ಯೋಚಿಸಿ ನನ್ನನ್ನು ಚಂದ್ರಿಕೆ ಹೊರುವವರ ಜೊತೆಗೆ ಹಾಕಿದಳು. ಚೀರಿದ ಇಬ್ಬರು ಮಕ್ಕಳ ಜೊತೆ ನಾನು ಮೂರನೆಯವಳು. ನಾನು ಒತ್ತೊತ್ತಾಗಿ ಸುರಿದಿದ್ದ ಚಂದ್ರಿಕೆಗಳಿಂದ ಹೆಚ್ಚಿನ ಹುಳುಗಳನ್ನು ಸಂಪಿಗೆ ತಂಡದವರು ಒಂದೊಂದಾಗಿ ಬಿಡಿಸಿದರು. ಅಷ್ಟರಲ್ಲಿ ಕೆಲವು ಎಳೆ ಹಾಕಲು ಶುರುಮಾಡಿಬಿಟ್ಟಿದ್ದವು, ಅವನ್ನು ಅಲುಗಿಸುವ ಹಾಗಿರಲಿಲ್ಲ. ಮಧ್ಯಾಹ್ನದ ಊಟ ಸರದಿಯಲ್ಲಾಯಿತು. ಪುಳಿಯೋಗರೆ ತಿಂದ ಕೈಯನ್ನು ಮತ್ತೆ ಸೀಗೆಪುಡಿಯಲ್ಲಿ ತೊಳೆಸಿದವಳೂ ಆ ಹುಡುಗಿಯೇ.

ನಾಲ್ಕು ಗಂಟೆಯ ಹೊತ್ತಿಗೆ ಸ್ಟ್ಯಾಂಡುಗಳಲ್ಲಿ ಹಣ್ಣಾದ ಒಂದು ಹುಳುವೂ ಉಳಿದಿರಲಿಲ್ಲ. ಚಪ್ಪರದ ನೆರಳಿನಲ್ಲಿ ಚಂದ್ರಿಕೆಗಳು ಸಾಲಾಗಿ ಒರಗಿ ನಿಂತಿದ್ದವು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ನೆಲಕ್ಕೆ ಕುಸಿದು ಕೂತರು, ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟ. ಮಕ್ಕಳು ಚಂದ್ರಿಕೆಗಳ ಮುಂದೆ ಕುಳಿತಿದ್ದರು. ಹುಳುಗಳು ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಹಾಕುತ್ತಿದ್ದವು. ಅಂಥ ಕೆಲಸ ಹೇಳಿಕೊಟ್ಟವರು ಯಾರು? ಯಾರ ವಿಷಲ್ಲೂ ಇಲ್ಲ, ಗದರಿಕೆಯೂ ಇಲ್ಲ. ಇಪ್ಪತ್ತೆರಡು ಹುಡುಗಿಯರು ಅದನ್ನು ನೋಡುತ್ತಿದ್ದರು. ನಾನು ಅವರನ್ನೂ ಹುಳುಗಳನ್ನೂ ನೋಡುತ್ತ ಹಿಂದೆ ನಿಂತೆ.

‘ಮಿಸ್, ನಮ್ ದಾದಿ ಮನೇಲಿ ಬಿಚ್ಚೋದನ್ನ ಮಾತ್ರ ನೋಡಿದ್ದೆ. ಕಟ್ಟೋದನ್ನ ನೋಡೇ ಇರ್ಲಿಲ್ಲ’ ಎಂದಳು ಮಲ್ಲಿಗೆಯ ಹುಡುಗಿ.

ಎರಡು ವಾರ ಕಳೆದ ಮೇಲೆ ನನ್ನ ಸಹೋದ್ಯೋಗಿ ಸ್ಟೋರಿಗೆ ಬಂದು ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟಳು. ಗೂಡು ಚೆನ್ನಾಗಿ ಬಂದಿದೆಯಂತೆ, ಮಾರುಕಟ್ಟೆಯಲ್ಲಿ ಎಲ್ಲರೂ ಎತ್ತಿ ಎತ್ತಿ ನೋಡಿದರಂತೆ. ಪೊಟ್ಟಣದೊಳಗೆ ಬಿಸಿಲಿಗೆ ಒಣಗಿಸಿದ ಐದಾರು ದಪ್ಪ ಗೂಡುಗಳಿದ್ದವು. ‘ಮಕ್ಕಳ ಚಂದ್ರಿಕೇಲಿ ಹುಡುಕಿದ್ರೂ ಜೋಡಿ ಗೂಡು ಸಿಗ್ಲಿಲ್ವಂತೆ. ಇವು ಮೇಡಮ್ಮೋರವು, ಅವರಿಗೇ ಕೊಟ್ಬಿಡು ಅಂದ್ಳು ನಮ್ಮಕ್ಕ’ ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಅಂದು ಹೇಳಲಾಗದ ಮಾತನ್ನು ಅಕ್ಕ ಈಗ ಪೊಟ್ಟಣ ಕಟ್ಟಿ ಕಳಿಸಿದ್ದರು. ನಾನೂ ನಕ್ಕೆ.

ಮುಂದಿನ ಭಾನುವಾರ ದಳ ಸೇರಿದಾಗ ಒಂದು ಗೂಡನ್ನು ಮಲ್ಲಿಗೆಯ ಹುಡುಗಿಗೆ ತೋರಿಸಿದೆ. ಅವಳು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಎರಡು ಒಣಹುಳುಗಳ ಸದ್ದಾಯಿತು.

‘ನೋಡಮ್ಮ, ಇವು ನನ್ನ ಹುಳಗಳು. ದಡ್ಡ ಹುಳ’ ಎಂದೆ.

‘ಹುಳದ ತಪ್ಪೇನಿಲ್ಲ ಮಿಸ್’ ಎಂದಳು. ‘ಜಾಗ ಸಿಗ್ಲಿಲ್ಲ ಅಷ್ಟೆ.’

ಅವಳು ನನ್ನನ್ನು ಕುಟುಕಲು ಆಡಿದ ಮಾತಲ್ಲ ಅದು. ಹುಳುವಿನ ಪರವಾಗಿ ಆಡಿದ್ದು. ನನಗೆ ಮಾತ್ರ ನನ್ನ ಮೂವರು ಮುಂದಾಳುಗಳು ನೆನಪಾದರು. ನಾನು ಕೊರಳಿನಿಂದ ವಿಷಲ್ ತೆಗೆದು ಅವಳ ಕೈಗೆ ಕೊಟ್ಟು, ಹೋಗಿ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತೆ. ಅವಳು ಅದನ್ನು ಊದಲಿಲ್ಲ. ಜೇಬಿಗೆ ಹಾಕಿಕೊಂಡು ಮಕ್ಕಳ ಕಡೆಗೆ ನಡೆದಳು.